ಹತ್ತೊಂಬತ್ತಕ್ಕೆ ಹಸಿರು, ಇಪ್ಪತ್ತನಾಲ್ಕಕ್ಕೆ ನೀಲಿ

ಅವರ ಹೆಸರು ಬರೆಯುವುದಿಲ್ಲ. ಬರೆದರೆ ದಾಬಸ್‌ಪೇಟೆಯಲ್ಲಿ ಲೇತ್ ಮೆಷಿನ್ ಇಟ್ಟುಕೊಂಡಿರುವ ಅರ್ಧ ಜನ "ಓ, ಅವ್ರಾ!" ಎಂದು ಎದ್ದು ಕೂರುತ್ತಾರೆ, ಉಳಿದರ್ಧ ಜನ ಫೋನ್ ಮಾಡಿ ಇನ್ನೂ ನಾಲ್ಕು ಕಥೆ ಸೇರಿಸು ಎನ್ನುತ್ತಾರೆ. ಕಂಪನಿಯ ಕ್ಯಾಲೆಂಡರಿಗೆಂದು ಫೋಟೋ ತೆಗೆಯಲು ಬಂದವನಿಗೆ "ನನ್ ಮುಖ ಯಾಕಪ್ಪಾ, ಆ ರಾಡ್ ತೆಗಿ, ಅದಾದ್ರೂ ಮಾರಾಟ ಆಗ್ತೈತೆ" ಎಂದು ಬೆನ್ನು ತಿರುಗಿಸಿದ ಮನುಷ್ಯ. ನಾನು ಅವರನ್ನು ಅಣ್ಣ ಎನ್ನುತ್ತಿದ್ದೆ. ಇಲ್ಲಿಯೂ ಹಾಗೇ ಇರಲಿ.

ನಮ್ಮದು ಉಕ್ಕಿನ ಯಾರ್ಡು. ಮನೆ ಕಟ್ಟುವ ಕಂಬಿ ಮಾರುವ ಅಂಗಡಿಯಲ್ಲ, ಯಂತ್ರಗಳ ಹೊಟ್ಟೆಯೊಳಗೆ ಹೋಗುವ ಮಿಶ್ರಲೋಹದ ಸರಳುಗಳ ಯಾರ್ಡು. ಎಲ್ಲವೂ ಗುಂಡಗೆ, ಕಪ್ಪಗೆ, ಉದ್ದಕ್ಕೆ ಬಿದ್ದಿರುತ್ತವೆ. ನೋಡಲು ಒಂದಕ್ಕೂ ಇನ್ನೊಂದಕ್ಕೂ ವ್ಯತ್ಯಾಸವಿಲ್ಲ. ಆದರೆ ಒಂದಕ್ಕೆ ಕ್ರೋಮಿಯಂ ಬೆರೆತಿರುತ್ತದೆ, ಇನ್ನೊಂದಕ್ಕೆ ನಿಕ್ಕಲ್, ಮತ್ತೊಂದಕ್ಕೆ ಮಾಲಿಬ್ಡಿನಂ, ಎಲ್ಲವೂ ಸಾರಿಗೆ ಇಂಗು ಹಾಕಿದಷ್ಟೇ. ಆ ಚಿಟಿಕೆಯಿಂದಲೇ ಒಂದು ಬೇರಿಂಗ್ ಆಗುತ್ತದೆ, ಇನ್ನೊಂದು ಲಾರಿಯ ಆಕ್ಸಲ್ ಆಗುತ್ತದೆ. ಹೀಗೆ ಕಣ್ಣಿಗೆ ಕಾಣದ್ದನ್ನು ಕಾಣಿಸುವುದು ಸರಳಿನ ತುದಿಗೆ ಬಳಿದ ಬಣ್ಣ. ಲಾರಿಯಿಂದ ಕಟ್ಟು ಇಳಿದ ಕೂಡಲೇ ಒಂದೊಂದು ಸರಳಿನ ಒಂದು ತುದಿಗೆ ಬಣ್ಣ ಬೀಳಬೇಕು. ನಮ್ಮ ಯಾರ್ಡಿನ ಲೆಕ್ಕದಲ್ಲಿ ಇಎನ್ ಎಂಬ ಉಕ್ಕಿನ ದರ್ಜೆಗಳಲ್ಲಿ ಹತ್ತೊಂಬತ್ತಕ್ಕೆ ಹಸಿರು, ಇಪ್ಪತ್ತನಾಲ್ಕಕ್ಕೆ ನೀಲಿ, ಮೂವತ್ತೊಂದಕ್ಕೆ ಕೆಂಪು, ಮೂವತ್ತಾರಕ್ಕೆ ಹಳದಿ. ಈ ಬಣ್ಣ ಬಳಿಯುವ ಕೆಲಸ ಇಪ್ಪತ್ತೆಂಟು ವರ್ಷ ಅಣ್ಣನದಾಗಿತ್ತು. ಅಷ್ಟೇನಾ ಅನ್ನಿಸಬಹುದು. ಡಿಪ್ಲೊಮಾ ಮುಗಿಸಿ, ನೆಲಮಂಗಲದಿಂದ ಬಸ್ಸು ಹತ್ತಿ ಕೆಲಸಕ್ಕೆ ಹೋದ ಮೊದಲ ದಿನ ನನಗೂ ಅಷ್ಟೇನಾ ಅನ್ನಿಸಿತ್ತು. ಆಗ ನನ್ನ ಕೊಬ್ಬಿಗೇನೂ ಕಡಿಮೆ ಇರಲಿಲ್ಲ.

ಆ ಕೊಬ್ಬು ಕರಗಿದ್ದು ಮೊದಲ ವಾರವೇ. ಗಿರಾಕಿಯೊಬ್ಬ ಅವಸರ ಮಾಡುತ್ತಿದ್ದ, ಗರಗಸದ ಮೆಷಿನ್ನಿಗೆ ಹತ್ತಿರವಿದ್ದದ್ದು ಬಣ್ಣದ ತುದಿ, ನಾನು "ಇಲ್ಲಿಂದಲೇ ಕಟ್ ಮಾಡಿ" ಎಂದುಬಿಟ್ಟೆ. ಒಂದಡಿ ತುಂಡು ಬಣ್ಣದ ಸಮೇತ ಗಿರಾಕಿಯ ಕೈಸೇರಿ ಹೋಯಿತು. ಸಂಜೆ ಅಣ್ಣ ಉಳಿದ ಹದಿನೈದು ಅಡಿ ಸರಳಿನ ಮುಂದೆ ನಿಂತಿದ್ದರು. ಎರಡೂ ತುದಿ ಬೋಳು.

"ಯಾರವ್ವಾ ಇದು ಕುಯ್ಸಿದ್ದು?"

"ನಾನೇ. ಯಾಕೆ?"

"ಈಗ ಇದ್ಯಾವ್ದು ಹೇಳು ನೋಡಾನ."

ನಾನು ಎರಡೂ ತುದಿಗಳನ್ನು ಬಗ್ಗಿ ಬಗ್ಗಿ ನೋಡಿದೆ. ಅವರು ಬೈಯಲಿಲ್ಲ. "ಬಣ್ಣದ ಕಡೆ ಯಾವತ್ತೂ ಕೊನೆಗೆ ಕುಯ್ಯದು ಕಣವ್ವ. ಒಂದು ಗೇಣು ಉಳಿದ್ರೂ ಅದ್ರ ಹೆಸ್ರು ಅದ್ರ ಜೊತೇಲೇ ಇರ್ಬೇಕು" ಎಂದು, ಆ ಸರಳಿನ ಬೋಳು ತುದಿಯಿಂದ ಒಂದು ಸಣ್ಣ ಬಿಲ್ಲೆ ಕತ್ತರಿಸಿಕೊಂಡು ಗ್ರೈಂಡರಿನ ಹತ್ತಿರ ಹೋದರು. ಹಿಂದೆಯೇ ಬಾ ಎಂದು ಕೈಸನ್ನೆ ಮಾಡಿದರು.

ಅವರು ಕಿಡಿ ಓದುವುದನ್ನು ಅಂದೇ ನಾನು ಮೊದಲು ನೋಡಿದ್ದು. ತಿರುಗುವ ಕಲ್ಲಿಗೆ ಉಕ್ಕನ್ನು ಒತ್ತಿದರೆ ಕಿಡಿ ಹಾರುವುದು ಎಲ್ಲರಿಗೂ ಗೊತ್ತು. ಆದರೆ ಒಂದೊಂದು ಉಕ್ಕಿನ ಕಿಡಿ ಒಂದೊಂದು ತರಹ. ಮೂವತ್ತೊಂದರಲ್ಲಿ ಇಂಗಾಲ ಜಾಸ್ತಿ, ಅದು ದೀಪಾವಳಿಯ ಸುರುಸುರು ಬತ್ತಿಯ ಹಾಗೆ ಒತ್ತೊತ್ತಾಗಿ ಹೂ ಬಿಡುತ್ತದೆ. ಹತ್ತೊಂಬತ್ತರ ಕಿಡಿ ಉದ್ದಕ್ಕೆ ಓಡಿ ತುದಿಯಲ್ಲಿ ಈಟಿಯ ಮೊನೆಯಾಗುತ್ತದೆ. ಇಪ್ಪತ್ತನಾಲ್ಕರಲ್ಲಿ ನಿಕ್ಕಲ್ ಇದೆ, ಅದು ಕಿಡಿಯನ್ನು ಅದುಮುತ್ತದೆ. "ಇದು ಸ್ವಲ್ಪ ಸೋಮಾರಿ, ಹೂ ಕಮ್ಮಿ ಬಿಡ್ತೈತೆ. ಆದ್ರೆ ಹೊರೋ ಭಾರ ನೋಡು ಇದು, ಅಬ್ಬಬ್ಬಾ!" ಎನ್ನುತ್ತಿದ್ದರು. ಅಂದಿನ ಬೋಳು ಸರಳು ಮೂವತ್ತಾರು ಎಂದರು. ನಾನು ನಂಬದೆ ಬಿಲ್ಲೆಯನ್ನು ಬೆಂಗಳೂರಿನ ಲ್ಯಾಬಿಗೆ ಕಳಿಸಿದೆ. ಮೂವತ್ತಾರೇ ಎಂದು ಬಂತು. ನನಗೆ ನಾಚಿಕೆಯಾದರೆ ಅವರಿಗೆ ಸಂತೋಷವಾಗಿತ್ತು. "ಕಳ್ಸಿದ್ದು ಒಳ್ಳೇದಾಯ್ತು. ಕಿಡಿ ನೋಡಿ ಅನುಮಾನ ಪಡ್ಬೇಕು, ಲ್ಯಾಬ್ ನೋಡಿ ನಂಬ್ಬೇಕು" ಎಂದು ಅವರೇ ರಿಪೋರ್ಟನ್ನು ಫೈಲಿಗೆ ಹಾಕಿದರು.

ಶಿವಗಂಗೆ ಬೆಟ್ಟದ ಬುಡದ ಹಳ್ಳಿ ಅವರದು. ಮನೆಯಲ್ಲಿ ರಾಗಿ ಹೊಲ, ಎರಡು ಹಸು. ಬೆಳಗ್ಗೆ ಡೇರಿಗೆ ಹಾಲು ಹಾಕಿ, ಟಿವಿಎಸ್ ಗಾಡಿಯಲ್ಲಿ ಎಂಟಕ್ಕೆಲ್ಲ ಯಾರ್ಡಿನಲ್ಲಿರುತ್ತಿದ್ದರು. ಉಗುರಿನ ಸಂದಿಯಲ್ಲಿ ಯಾವಾಗಲೂ ಬಣ್ಣ. ಮಗಳ ಮದುವೆಯ ಧಾರೆಯ ಹೊತ್ತಿನಲ್ಲಿ ಕೈ ನೀಡಿದಾಗ ಹೆಬ್ಬೆರಳಿನ ಉಗುರು ಹಳದಿಯಾಗಿತ್ತು. ಪುರೋಹಿತರು ಅರಿಶಿನ ಎಂದುಕೊಂಡರು. ಅದು ಮೂವತ್ತಾರು ಎಂದು ನಮಗೆ ಯಾರ್ಡಿನವರಿಗೆ ಮಾತ್ರ ಗೊತ್ತಿತ್ತು, ಹಿಂದಿನ ಸಾಲಿನಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಗಿರಾಕಿ ಬಂದು ಇಂಥ ಸರಳು ಬೇಕು ಎಂದರೆ ಅವರ ಬಾಯಿಂದ ಮೊದಲು ಬರುತ್ತಿದ್ದ ಮಾತು "ಏನಕ್ಕೆ?" ಅದಕ್ಕೆ ಉತ್ತರ ಹೇಳದವನಿಗೆ ಸರಳು ಸಿಗುತ್ತಿರಲಿಲ್ಲ, ಯಜಮಾನರೇ ಬಂದು ಹೇಳಿದರೂ ಅಷ್ಟೆ. ಒಮ್ಮೆ ಹೊಸಕೋಟೆ ಕಡೆಯವನೊಬ್ಬ ಟ್ರಾಕ್ಟರಿನ ಟ್ರೇಲರ್ ಸಿಕ್ಕಿಸುವ ಪಿನ್ನಿಗೆ ಮೂವತ್ತೊಂದು ಬೇಕೆಂದು ಹಟ ಹಿಡಿದ.

"ಅದೇ ಎಲ್ಲಕ್ಕಿಂತ ಗಟ್ಟಿ ಅಂತಲ್ಲ ಗುರು? ನಂಗೆ ಗಟ್ಟಿದೇ ಕೊಡಿ."

ಕೆಂಪಗೆ ಕಾಯಿಸಿ ಎಣ್ಣೆಗೆ ಅದ್ದಿ ಹದ ಹಾಕಿದ ಮೂವತ್ತೊಂದರ ಒಂದು ತುಂಡನ್ನು ಅಣ್ಣ ತಂದು ಅಡಿಗಲ್ಲಿನ ಮೇಲಿಟ್ಟರು. ಅವನ ಕೈಗೆ ಸುತ್ತಿಗೆ ಕೊಟ್ಟು, ಗೋಣಿತಾಟು ಮುಚ್ಚಿ, ಹೊಡಿ ಎಂದರು. ಎರಡನೇ ಏಟಿಗೆ ಅದು ಟಣ್ಣೆಂದು ಎರಡಾಯಿತು.

"ನೋಡ್ದಾ? ಗಟ್ಟಿನೇ. ಉಜ್ಜಿದ್ರೆ ಸವೆಯಲ್ಲ, ಅದ್ಕೇ ಬೇರಿಂಗ್‌ಗೆ ಹಾಕದು. ಆದ್ರೆ ನಿನ್ ಟ್ರೇಲರ್ ಹಳ್ಳಕ್ಕೆ ಬಿದ್ದು ಜಗ್ಗಿದ್ರೆ ಇದು ತಡೆಯಲ್ಲಪ್ಪ. ಅವಾಗ ಹಿಂದ್ಗಡೆ ಕೂತಿರೋರ್ ಗತಿ? ಹತ್ತೊಂಬತ್ತು ತಗೊಂಡೋಗು, ಅದು ಏಟು ತಿಂತೈತೆ."

ಅವನು ಹತ್ತೊಂಬತ್ತೇ ಒಯ್ದ. ಆಮೇಲೆ ಅವನ ಊರಿನವರೆಲ್ಲ ನಮ್ಮಲ್ಲಿಗೇ ಬರತೊಡಗಿದರು, ಬಂದವರೆಲ್ಲ ಗೇಟಿನಲ್ಲೇ ಏನಕ್ಕೆ ಎಂದು ಒಪ್ಪಿಸಿಬಿಡುತ್ತಿದ್ದರು. ನನಗೆ ಅವರ ಮೇಲೆ ಗೌರವ ಹುಟ್ಟಿದ್ದು ಕಿಡಿಯಿಂದಲ್ಲ, ಈ ಏನಕ್ಕೆಯಿಂದ.

ಹೀಗೆ ಆರು ವರ್ಷ ಕಳೆಯಿತು. ನಾನು ಕ್ವಾಲಿಟಿ ವಿಭಾಗದ ಮುಖ್ಯಸ್ಥೆಯಾದೆ. ಯಾರ್ಡಿಗೆ ಹೆಣ್ಣುಮಗಳು ಯಾಕೆ ಎಂದವರೇ ಜಾಸ್ತಿ ಇದ್ದ ಜಾಗದಲ್ಲಿ ಅದು ಸುಲಭಕ್ಕೆ ಬಂದ ಕುರ್ಚಿಯಲ್ಲ. ಎಲ್ಲರ ಮುಂದೆ ಅಣ್ಣ ನನ್ನನ್ನು ಮೇಡಮ್ ಎನ್ನುತ್ತಿದ್ದರು, ಬೇರೆಯವರೂ ಹಾಗೇ ಕರೆಯಲಿ ಎಂದು. ಇಬ್ಬರೇ ಇದ್ದಾಗ ಕಣವ್ವ.

ಅವರ ನಿವೃತ್ತಿಗೆ ವರ್ಷ ಇರುವಾಗ ಕೆಲವು ಸಣ್ಣ ಬದಲಾವಣೆಗಳಾದವು. ಬಿಲ್ಲು ಕೈಗೆ ಬಂದರೆ "ಸ್ವಲ್ಪ ಓದವ್ವ, ಕನ್ನಡಕ ಮನೇಲಿ ಮರ್ತೆ" ಎನ್ನುವರು. ಬಣ್ಣದ ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡುವರು. ನಾನು ನೋಡಿದೆ, ನೋಡಿ ಸುಮ್ಮನಾದೆ. ಅಣ್ಣನ ಕಣ್ಣನ್ನು ಅನುಮಾನಿಸುವುದು ಯಾರಿಗೂ ಹೊಳೆಯುವ ವಿಷಯವಾಗಿರಲಿಲ್ಲ. ಅವರಿಗೆ ಎರಡು ಕಣ್ಣಿಗೂ ಪೊರೆ ಬಂದಿತ್ತು. ಪೊರೆ ಬಂದ ಕಣ್ಣಿಗೆ ನೀಲಿಯೂ ಹಸಿರೂ ಒಂದೇ ಮಬ್ಬಾಗಿ ಕಾಣುತ್ತವೆಂದು ನನಗೆ ತಿಳಿದದ್ದು ಆಮೇಲೆ.

ಒಂದು ದಿನ ಹತ್ತೊಂಬತ್ತರ ಒಂದು ಕಟ್ಟು ಇಳಿಯಿತು. ಅಣ್ಣ ಹಸಿರು ಎಂದುಕೊಂಡು ನೀಲಿ ಡಬ್ಬಿಗೆ ಕುಂಚ ಅದ್ದಿದರು. ಸರಳುಗಳನ್ನು ಹತ್ತೊಂಬತ್ತನ್ನು ಪೇರಿಸಿಡುವ ಅಟ್ಟಣೆಯಲ್ಲೇ ಜೋಡಿಸಿದರು. ಅದರ ಮರುವಾರ ಕಣ್ಣಿನ ಆಪರೇಷನ್ನಿಗೆಂದು ರಜೆ ಹಾಕಿದರು. ಆಗ ನಾನು ಸುತ್ತು ಹಾಕುತ್ತಾ ಬಂದೆ. ಹಸಿರಿನ ಅಟ್ಟಣೆಯಲ್ಲಿ ನೀಲಿ ತುದಿಗಳು. ಕಟ್ಟಿಗೆ ಮಿಲ್ಲಿನವರು ತಂತಿಯಲ್ಲಿ ಬಿಗಿದ ಚೀಟಿ ಇನ್ನೂ ನೇತಾಡುತ್ತಿತ್ತು, ಅದರಲ್ಲಿ ಹತ್ತೊಂಬತ್ತು ಎಂದೇ ಇತ್ತು. ಯಾರಾದರೂ ಏನು ಮಾಡಬೇಕಿತ್ತು? ಲ್ಯಾಬಿಗೆ ಕಳಿಸಬೇಕಿತ್ತು. ನಾನು ಮಾಡಿದ್ದು ಬೇರೆ. ನಮ್ಮ ಯಾರ್ಡಿನಲ್ಲಿ ಅಣ್ಣನ ಬಣ್ಣಕ್ಕಿಂತ ದೊಡ್ಡ ಸಾಕ್ಷಿ ಇರಲಿಲ್ಲ. ಚೀಟಿ ತಪ್ಪು, ಜಾಗ ತಪ್ಪು, ಬಣ್ಣ ಸರಿ ಎಂದು ತೀರ್ಮಾನಿಸಿ, ಚೀಟಿಯನ್ನು ನನ್ನ ಕೈಯಾರೆ ಕಿತ್ತು ಬಿಸಾಡಿ, ಸರಳುಗಳನ್ನು ಇಪ್ಪತ್ತನಾಲ್ಕರ ಅಟ್ಟಣೆಗೆ ಸಾಗಿಸಿದೆ. ತಪ್ಪು ತಿದ್ದಿದೆ ಎಂಬ ಹೆಮ್ಮೆ ಬೇರೆ!

ಅಣ್ಣ ಹದಿನೈದು ದಿನಕ್ಕೆ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಯಾರ್ಡಿನ ಒಳಗೆ ಬಂದು ಕನ್ನಡಕ ತೆಗೆದರು, ಒಂದು ಕಣ್ಣು ಕೆಂಪಗಿತ್ತು. "ಏನ್ ಬಣ್ಣನವ್ವ! ಎಲ್ಲ ಹೊಸದಾಗಿ ಕಾಣ್ತೈತೆ" ಎಂದು ಸಣ್ಣ ಹುಡುಗನಂತೆ ಅಟ್ಟಣೆಯಿಂದ ಅಟ್ಟಣೆಗೆ ಹೋದರು. ಇಪ್ಪತ್ತನಾಲ್ಕರ ಮುಂದೆ ನಿಂತುಬಿಟ್ಟರು. ತುದಿಗಳ ಮೇಲೆ ಕೈಯಾಡಿಸಿದರು. ನಮ್ಮ ಇಪ್ಪತ್ತನಾಲ್ಕು ಗರಗಸದಲ್ಲಿ ಕುಯ್ದು ನುಣ್ಣಗೆ ಬರುತ್ತಿತ್ತು. ಈ ಸರಳುಗಳ ತುದಿ ಕತ್ತರಿಯಲ್ಲಿ ಅಮುಕಿ ತುಂಡರಿಸಿದ್ದು, ಒಂದು ಕಡೆ ಚಪ್ಪಟೆ.

"ಇವು ಆವತ್ತು ನಾನು ಇಳಿಸ್ದವು. ಹತ್ತೊಂಬತ್ತು. ನೀಲಿ ಹೊಡ್ದಿವ್ನಿ ನಾನು."

ಬಿಲ್ಲೆ ಕುಯ್ದು ಕಲ್ಲಿಗೆ ಒತ್ತಿದರು. ಕಿಡಿ ಉದ್ದಕ್ಕೆ ಓಡಿತು, ತುದಿಗೆ ಈಟಿ. ನನಗೂ ಕಾಣಿಸಿತು. ಅಷ್ಟರಲ್ಲಿ ಅವರ ಮುಂದಿನ ಪ್ರಶ್ನೆ ಬಂತು. "ಎಷ್ಟು ಹೋಗೈತೆ? ಏನಕ್ಕೆ?"

ಇಪ್ಪತ್ತನಾಲ್ಕೆಂದು ಒಂದು ಸರಳು ಹೋಗಿತ್ತು. ದೊಡ್ಡಬಳ್ಳಾಪುರದ ವರ್ಕ್‌ಶಾಪಿಗೆ. ಎತ್ತರದ ಕಟ್ಟಡ ಕಟ್ಟುವಾಗ ಕೂಲಿಯವರನ್ನು ಮೇಲೆ ಕೊಂಡೊಯ್ಯುವ ಲಿಫ್ಟಿನ ಪಿನ್ನುಗಳಿಗೆ.

ಯಜಮಾನರ ಕೋಣೆಗೆ ಇಬ್ಬರೂ ಹೋದೆವು. ಅವರು ಕೆಟ್ಟವರಲ್ಲ, ಆದರೆ ಹೆದರಿದರು. "ಹತ್ತೊಂಬತ್ತೂ ಗಟ್ಟಿನೇ ಅಲ್ವೇನ್ರಿ? ಏನೂ ಆಗಲ್ಲ ಬಿಡಿ. ಹೇಳ್ಕೊಂಡು ಹೋದ್ರೆ ನಮ್ಮ ಹೆಸರು ಹಾಳಾಗುತ್ತೆ."

"ಆಗ್ದೇನೂ ಇರ್ಬೋದು ಸಾರ್" ಎಂದರು ಅಣ್ಣ. "ಆದ್ರೆ ದಪ್ಪ ಪಿನ್ನು ಅದು. ಹದ ಹಾಕಿದ್ರೆ ಹತ್ತೊಂಬತ್ತು ಮೇಲ್ಮೇಲೆ ಗಟ್ಟಿ ಆಗ್ತೈತೆ, ಇಪ್ಪತ್ನಾಕರಂಗೆ ನಡುವ್ನಗಂಟ ಹದ ಇಳಿಯಲ್ಲ. ಮೇಲ್ ನೋಡಿ ಅವ್ರು ಪಾಸ್ ಮಾಡ್ತಾರೆ. ಅದ್ರಲ್ಲಿ ಜನ ಹತ್ತಾರೆ ಸಾರ್. ನಾನು ಹೋಗಿ ಹೇಳ್ಬತ್ತೀನಿ, ನೀವ್ ಬೇಡ ಅಂದ್ರೂ."

ದೊಡ್ಡಬಳ್ಳಾಪುರದ ವರ್ಕ್‌ಶಾಪಿನವರಿಗೆ ನಾನು ಫೋನ್ ಮಾಡಿದೆ, ಎತ್ತಲಿಲ್ಲ. ಬಸ್ಸು ಹತ್ತಿದೆವು. ಕಿಟಕಿಯ ಕಡೆ ಅಣ್ಣ ಕೂತಿದ್ದರು, ಮಡಿಲಲ್ಲಿ ಬಿಲ್ಲೆಯ ಪೊಟ್ಟಣ. ಅರ್ಧ ದಾರಿಯಲ್ಲಿ ಹೇಳಿದೆ.

"ಅಣ್ಣ, ಆ ಕಟ್ಟಿಗೆ ಚೀಟಿ ಇತ್ತು. ಹತ್ತೊಂಬತ್ತು ಅಂತಲೇ ಇತ್ತು. ನಾನೇ ಕಿತ್ತುಹಾಕಿದೆ."

ಅವರು ಕಿಟಕಿಯಿಂದ ನನ್ನ ಕಡೆ ತಿರುಗಿದರು. "ನನ್ ಬಣ್ಣ ನಂಬಿ ಕಿತ್ತೆ."

"ಹೂಂ."

"ಅದ್ನ ಅಲ್ಲಿ ಹೇಳ್ಬೇಡ. ಯಜಮಾನ್ರಿಗೂ ಹೇಳ್ಬೇಡ. ನಂಗೆ ಇನ್ನು ಆರು ತಿಂಗ್ಳು ಐತೆ, ನಿಂಗೆ ಮೂವತ್ತು ವರ್ಷ ಐತೆ ಕಣವ್ವ."

ವರ್ಕ್‌ಶಾಪಿನವರು ಪಿನ್ನುಗಳನ್ನು ಹಿಂದಿನ ದಿನವೇ ದೇವನಹಳ್ಳಿ ಹತ್ತಿರದ ಕಟ್ಟಡಕ್ಕೆ ಕಳಿಸಿಬಿಟ್ಟಿದ್ದರು. ಲಿಫ್ಟಿಗೆ ಹಾಕಿಯೂ ಆಗಿತ್ತು. ಮರುದಿನ ಬೆಳಗ್ಗೆಯಿಂದ ಜನ ಹತ್ತುವುದಿತ್ತು. ಅಣ್ಣ ವಿಷಯ ಹೇಳಿದಾಗ ಅಲ್ಲಿನ ಮಾಲೀಕರು ಕುಳಿತಿದ್ದ ಸ್ಟೂಲಿನಿಂದ ಎದ್ದುನಿಂತರು. ಮೊದಲು ಕಟ್ಟಡದವರಿಗೆ ಫೋನ್ ಮಾಡಿ ಲಿಫ್ಟ್ ಮುಟ್ಟಬೇಡಿ ಎಂದರು. ಆಮೇಲೆ ನಮ್ಮ ಕಡೆ ತಿರುಗಿದರು.

"ಏನ್ರೀ ಹುಡುಗಾಟ ಆಡ್ತೀರಾ? ನಿಮ್ಮ ಬಣ್ಣ ನೋಡ್ಕೊಂಡು ನಾನು ಕಣ್ಮುಚ್ಚಿ ತಗೊಂಡ್ಬರ್ತಿದ್ದೆ! ಕಟ್ಟಿಗೆ ಮಿಲ್ಲಿಂದು ಚೀಟಿ ಇರುತ್ತಲ್ಲ, ಅದೂ ನೋಡ್ಲಿಲ್ವಾ ಯಾರೂ?"

ನಾನು ಬಾಯಿಬಡುಕಿ. ನಮ್ಮ ಮನೆಯಲ್ಲಿ, ಆಫೀಸಿನಲ್ಲಿ, ಬಸ್ಸಿನಲ್ಲಿ, ಎಲ್ಲಿ ಕೇಳಿದರೂ ಹೇಳುತ್ತಾರೆ. ಆವತ್ತು ನನ್ನ ನಾಲಿಗೆ ಅಂಟಿಕೊಂಡಿತು.

"ಚೀಟಿ ಇತ್ತು ಸಾರ್" ಎಂದರು ಅಣ್ಣ. "ನಾನೇ ಕಿತ್ತಾಕ್ದೆ. ಕಣ್ಣು ಕೆಟ್ಟಿತ್ತು, ಯಾರ್ಗೂ ಹೇಳಿರ್ಲಿಲ್ಲ. ತಪ್ಪಾಯ್ತು." ಎರಡೂ ಕೈ ಜೋಡಿಸಿದರು.

ಪಿನ್ನುಗಳು ವಾಪಸು ಬಂದವು. ಒಂದನ್ನು ಅಡ್ಡಕ್ಕೆ ಕುಯ್ದು ನೋಡಿದರೆ ಅವರು ಹೇಳಿದಂತೆಯೇ ಮೇಲೆ ಗಟ್ಟಿ, ನಡುವೆ ಮೆತ್ತಗೆ. ಆ ಲಿಫ್ಟಿನಲ್ಲಿ ಯಾರಿಗೂ ಏನೂ ಆಗಲಿಲ್ಲ. ಆದದ್ದು ಅಣ್ಣನಿಗೆ. ಕಣ್ಣು ಕಾಣದ್ದನ್ನು ಯಜಮಾನರು ಕ್ಷಮಿಸಿದರು, ಚೀಟಿಯನ್ನು ಕ್ಷಮಿಸಲಿಲ್ಲ. "ಪೊರೆ ಬಂದಿತ್ತು, ಸರಿ. ಚೀಟಿ ಯಾಕ್ರೀ ಕಿತ್ರಿ? ಅದು ಬೇಜವಾಬ್ದಾರಿ" ಎಂದು ಕುಂಚ ಕಿತ್ತುಕೊಂಡು ಅವರನ್ನು ಗೇಟಿನಲ್ಲಿ ಕೂರಿಸಿದರು. ಇಪ್ಪತ್ತೆಂಟು ವರ್ಷ ಬಣ್ಣ ಬಳಿದವರು ಕೊನೆಯ ಆರು ತಿಂಗಳು ಲಾರಿ ನಂಬರು ಬರೆದರು. ನಾನು ದಿನಾ ಅದೇ ಗೇಟಿನಿಂದ ಒಳಗೆ ಹೋಗುತ್ತಿದ್ದೆ. "ನಮಸ್ಕಾರ ಮೇಡಮ್" ಎನ್ನುತ್ತಿದ್ದರು, ಎಂದಿನಂತೆ, ಒಂದು ಚೂರೂ ವ್ಯಂಗ್ಯವಿಲ್ಲದೆ. ಎರಡು ಸಲ ನಾನು "ಯಜಮಾನರಿಗೆ ಹೇಳಿಬಿಡ್ತೀನಿ ಅಣ್ಣ" ಎಂದೆ. ಎರಡು ಸಲವೂ "ಮುಗೀತಲ್ಲ, ಬುಡವ್ವ" ಎಂದರು. ಅವರು ಬೇಡ ಎಂದದ್ದು ನಿಜ. ಅವರು ಬೇಡ ಎಂದಾಗ ನನಗೆ ಸಮಾಧಾನವಾದದ್ದೂ ನಿಜ. ಅದನ್ನು ಬರೆಯದಿದ್ದರೆ ಇದನ್ನೆಲ್ಲ ಬರೆದು ಏನು ಪ್ರಯೋಜನ?

ಬೀಳ್ಕೊಡುಗೆಯ ದಿನ ಶಾಲು, ಹಾರ, ಮೈಸೂರ್‌ಪಾಕು. ಮಾತಾಡಿ ಎಂದರೆ "ಎಲ್ರೂ ಕಣ್ಣು ತೋರಿಸ್ಕಳಿ, ನಾಚ್ಕೋಬೇಡಿ" ಎಂದು ಕೂತರು. ನನ್ನ ನಂತರ ಬಂದ ಕ್ವಾಲಿಟಿ ಹುಡುಗಿಯರಿಗೆಲ್ಲ ನಾನು ಅವರ ಏನಕ್ಕೆಯನ್ನು ಕಲಿಸಿದೆ. ಚೀಟಿಯ ವಿಷಯ ಕಲಿಸಲಿಲ್ಲ.

ಮೂರು ವರ್ಷದ ಮೇಲೆ, ಈ ಕಾರ್ತೀಕದಲ್ಲಿ, ಹೊಲದಿಂದ ಬಂದು ಜಗಲಿಯ ಮೇಲೆ ಮಲಗಿದವರು ಏಳಲಿಲ್ಲ. ಹನ್ನೊಂದನೇ ದಿನದ ಕಾರ್ಯಕ್ಕೆ ನಾನು ಹೋದೆ. ಊಟವಾದ ಮೇಲೆ ಅವರ ಹೆಂಡತಿ ನನ್ನನ್ನು ಹಿತ್ತಲ ಕಡೆ ಚಾಪೆಯ ಮೇಲೆ ಕೂರಿಸಿಕೊಂಡರು. ಗಂಡನ ಬಗ್ಗೆ ಹೇಳುತ್ತಾ ಹೇಳುತ್ತಾ ಧ್ವನಿ ತಗ್ಗಿಸಿದರು.

"ನಿಮ್ಮನ್ನ ಒಂದ್ ಮಾತು ಕೇಳ್ಬೇಕು ಅಂತಿದ್ದೆ ಕಣವ್ವ. ಅವ್ರು ಕೊನೇಲಿ ಒಂದು ತಪ್ಪು ಮಾಡುದ್ರಂತಲ್ಲ, ಕಬ್ಬಣದ ಚೀಟಿ ಕಿತ್ತಾಕಿ. ಅವ್ರೇ ಹೇಳುದ್ರು. ನಮ್ಮನೇಲಿ ಬಿತ್ತನೆ ಮೂಟೆ ಚೀಟಿ ಕೀಳಕ್ಕೂ ಬುಡ್ತಿರ್ಲಿಲ್ಲ ಅವ್ರು. ಮಾತ್ರೆ ಡಬ್ಬಿ ಮೇಲಿಂದ್ನೂ. ಖಾಲಿಯಾಗೋಗಂಟ ಇರ್ಲಿ ಅಂತ ಬೈಯೋರು. ಅಂತೋರು ಆ ಚೀಟಿ ಹೆಂಗ್ ಕಿತ್ರೋ, ನಂಗೆ ಇವತ್ಗೂ ಗೊತ್ತಾಗಿಲ್ಲ. ಗೇಟಲ್ಲಿ ಕೂರ್ಸುದ್ರು ಅಂತ ಊರ್ನೋರೆಲ್ಲ ಆಡ್ಕಂಡ್ರು."

ನಿಜವನ್ನು ಮನೆಯಲ್ಲೂ ಹೇಳಿರಲಿಲ್ಲ. ಕಟ್ಟಿಕೊಂಡವಳಿಗೂ ಹೇಳಿರಲಿಲ್ಲ! ನನಗೆ ಅಳು ಉಕ್ಕಿ ಬಂತು, ತಡೆದುಕೊಳ್ಳಲಿಲ್ಲ.

"ಅವರು ಕೀಳಲಿಲ್ಲಮ್ಮ" ಎಂದೆ. "ಕಿತ್ತಿದ್ದು ನಾನು. ನನ್ನ ಕೆಲಸ ಉಳಿಸೋಕೆ ತಾವೇ ಅಂತ ಹೇಳಿದರು. ನಾನು ಸುಮ್ಮನಿದ್ದುಬಿಟ್ಟೆ."

ಬೈಯುತ್ತಾರೆಂದುಕೊಂಡೆ. ಬೈದಿದ್ದರೆ ಒಳ್ಳೆಯದಿತ್ತು. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು "ಹಂಗನ್ನಿ ಮತ್ತೆ!" ಎಂದರು. ಮೂರು ವರ್ಷದಿಂದ ಹೊತ್ತುಕೊಂಡಿದ್ದ ಏನನ್ನೋ ಇಳಿಸಿದ ಹಾಗಿತ್ತು ಆ ಧ್ವನಿ. ನನ್ನ ಕೈ ಹಿಡಿದು ಎಬ್ಬಿಸಿ, ಪಂಕ್ತಿ ನಡೆಯುತ್ತಿದ್ದ ಶಾಮಿಯಾನದ ಹತ್ತಿರ ಕರೆದುಕೊಂಡು ಹೋದರು. ಬಡಿಸುತ್ತಿದ್ದ ಮಗನನ್ನು ಕೂಗಿದರು. ಮೈದುನಂದಿರನ್ನು ಕೂಗಿದರು. ಊರಿನವರು ತಟ್ಟೆಯಿಂದ ತಲೆ ಎತ್ತಿದರು.

"ಲೋ, ಎಲ್ರೂ ಬನ್ರೋ ಇಲ್ಲಿ, ಈವಮ್ಮ ಏನ್ ಹೇಳ್ತಾರೆ ಕೇಳ್ರಿ." ನನ್ನ ಕೈ ಬಿಟ್ಟಿರಲಿಲ್ಲ. "ಇನ್ನೊಂದ್ಸಲ ಹೇಳವ್ವ. ಜೋರಾಗಿ ಹೇಳು."

ನಾನು ಇನ್ನೊಂದು ಸಲ ಹೇಳಿದೆ.